ಗುರುವಾರದ ನ್ಯಾಯಾಧೀಶರು

“ನಲವತ್ತು ವರ್ಷದ ಗೆಳೆತನ ಕಣೇ ಲೀಟಾ! ನನ್ನ ಮೊಮ್ಮಗಳನ್ನೇ ಮಾರಿಬಿಟ್ಯಾ?”

ವರ್ನಾ ಬಾಗಿಲು ತಟ್ಟದೆಯೇ ಅಡುಗೆಮನೆಗೆ ನುಗ್ಗಿದ್ದಳು. ಕೈಯಲ್ಲಿ ದಪ್ಪ ಲಕೋಟೆ. ಸೇಬು ಹೆಚ್ಚುತ್ತಿದ್ದ ಲೀಟಾ ಚಾಕು ಕೆಳಗಿಟ್ಟಳು. ಅವಳು ಊರಿನ ನ್ಯಾಯಾಲಯದ ಗುಮಾಸ್ತೆ.

ನ್ಯಾಯಾಲಯವೆಂದರೆ, ಹಿಮ ತಳ್ಳುವ ಟ್ರಕ್ಕುಗಳ ಶೆಡ್ಡಿನ ಪಕ್ಕದ ಎರಡು ಕೋಣೆ. ಆಲ್ಡನ್ ಪ್ರೂಟ್ ಗುರುವಾರ ಸಂಜೆ ಅಲ್ಲಿ ನ್ಯಾಯಾಧೀಶರು. ಮಿಕ್ಕ ದಿನ ಎದುರು ಬೀದಿಯಲ್ಲಿ ವಕೀಲರು. ಒಂದು ಸಂಜೆಯ ಸಂಬಳದಲ್ಲಿ ಹೊಟ್ಟೆ ತುಂಬೀತೇ? ದೇವರು ವರ ಕೊಟ್ಟರೂ ಪೂಜಾರಿ ಕೊಡನಂತೆ. ಇಲ್ಲಿ ದೇವರೂ ಪೂಜಾರಿಯೂ ಒಬ್ಬರೇ.

ಕಳೆದ ವರ್ಷ ಒಂದು ಗುರುವಾರ ವರ್ನಾ ಅಳುತ್ತಾ ಅಲ್ಲಿಗೆ ಹೋಗಿದ್ದಳು. ಮಗಳು ತೀರಿಕೊಂಡ ಮೇಲೆ ಅಳಿಯ ಕರ್ಟ್ ಕುಡಿತಕ್ಕೆ ಬಿದ್ದಿದ್ದ. ಅವನ ಹೆಜ್ಜೆ ಸಪ್ಪಳ ಕೇಳಿದರೆ ಸಾಕು, ಆರು ವರ್ಷದ ಬ್ರಿನ್ ಮಂಚದಡಿ ಸೇರುತ್ತಿದ್ದಳು. ಪ್ರೂಟ್ ಒಳಕೋಣೆಯಲ್ಲಿ ಕೂತು, ಗುಮಾಸ್ತೆ ಲೀಟಾಳ ಎದುರೇ, ಎಲ್ಲ ಕೇಳಿದರು. ಆಮೇಲೆ ಮೇಲಿನ ಕೌಂಟಿ ನ್ಯಾಯಾಲಯದಲ್ಲಿ ತಾವೇ ವಾದಿಸಿ ಮಗುವನ್ನು ಅಜ್ಜಿಗೆ ಕೊಡಿಸಿದರು. “ಅವ್ರು ಬೇಡ ಕಣೇ, ಬೇರೆ ವಕೀಲರನ್ನ ನೋಡು” ಎಂದು ಆಗ ಅಪಸ್ವರ ಎತ್ತಿದವಳು ಲೀಟಾ ಒಬ್ಬಳೇ.

ಈಗ ಆ ತೀರ್ಪು ರದ್ದಾಗಿತ್ತು; ಲಕೋಟೆಯಲ್ಲಿದ್ದುದು ಆ ಆದೇಶ. ನ್ಯಾಯಾಧೀಶರಾಗಿ ಕೇಳಿದ ಅಹವಾಲನ್ನು ವಕೀಲರಾಗಿ ವಹಿಸಿಕೊಳ್ಳುವಂತಿಲ್ಲ. ಆ ಗುರುವಾರದ ಸುದ್ದಿ ಕರ್ಟ್‌ನ ವಕೀಲರಿಗೆ ಹೇಗೋ ಸಿಕ್ಕಿತ್ತು. ಮರುವಿಚಾರಣೆಯವರೆಗೆ ಬ್ರಿನ್ ತಂದೆಯ ಬಳಿ ಇರಬೇಕು. ಭಾನುವಾರ ಅವನು ಬಂದು ಕರೆದೊಯ್ಯುತ್ತಾನೆ.

“ಬೆಳಿಗ್ಗೆ ಪ್ರೂಟ್ ಸಾಹೇಬ್ರ ಕಚೇರಿಗೆ ಹೋಗಿದ್ದೆ. ‘ಆ ಕೋಣೇಲಿ ಇದ್ದವ್ರು ಮೂರೇ ಜನ, ವರ್ನಾ. ನಾನು ಹೇಳಿಲ್ಲ, ನೀವು ಹೇಳಿಲ್ಲ. ಉಳಿದವ್ರು ಯಾರು, ನೀವೇ ಯೋಚ್ನೆ ಮಾಡಿ’ ಅಂದ್ರು. ಪಾಪ, ತಲೆ ಎತ್ತಿ ನನ್ನ ಮುಖಾನೂ ನೋಡ್ಲಿಲ್ಲ ಮನುಷ್ಯ.”

ಲೀಟಾ ಕೈ ಒರೆಸಿಕೊಂಡು ಲಕೋಟೆ ತೆಗೆದುಕೊಂಡಳು. ಅಷ್ಟು ವರ್ಷದ ಒಡನಾಟಕ್ಕೆ ಇಷ್ಟೇ ಬೆಲೆಯೇ ಎಂದು ಅವಳಿಗೆ ಸಂಕಟವಾಯಿತು.

“ಇದನ್ನ ಪೂರ್ತಿ ಓದಿದ್ಯಾ?”

“ಮೊದಲ್ನೇ ಹಾಳೆಗೇ ಎದೆ ಒಡೆದುಹೋಯ್ತು. ಇನ್ನೇನು ಓದೋದು!”

ಲೀಟಾ ಹಾಳೆ ತಿರುವಿದಳು. ಕೊನೆಯದು ಕರ್ಟ್‌ನ ವಕೀಲರು ಕೊಟ್ಟ ಪುರಾವೆ: ಊರಿನ ವಾರಪತ್ರಿಕೆಯ ತುಣುಕು, ನವೆಂಬರಿನಲ್ಲಿ ಊರಿನ ನ್ಯಾಯಾಧೀಶರನ್ನು ಆರಿಸುವ ಚುನಾವಣೆಗೆ ಒಂದು ವಾರ ಮುಂಚಿನದು. ಅವಳು ಗಟ್ಟಿಯಾಗಿ ಓದಿದಳು.

“‘ಆ ಗುರುವಾರ ನ್ಯಾಯಾಧೀಶರು ಕರಿ ನಿಲುವಂಗಿಯಲ್ಲೇ ನನ್ನನ್ನು ಸಂತೈಸಿ, ನಾಳೆ ನನ್ನ ಕಚೇರಿಗೆ ಬನ್ನಿ, ನಿಮ್ಮ ವಕೀಲ ನಾನೇ ಎಂದರು. ಇಂಥವರಿಗೇ ಮತ ಕೊಡಿ. ಇಂತಿ, ವರ್ನಾ ಡೆಕ್ಕರ್.’”

ವರ್ನಾ ಆ ಹಾಳೆಯನ್ನು ಕಿತ್ತುಕೊಂಡು ನೋಡಿದಳು.

“ಪತ್ರಿಕೆಗೆ ಎರಡು ಒಳ್ಳೆ ಮಾತು ಬರೀರಿ ಅಂತ ಅವ್ರೇ ಕೇಳಿದ್ರು ಕಣೇ.”

“ಅಚ್ಚಾದ್ಮೇಲೆ ಅವ್ರು ಇದನ್ನ ಓದ್ಲಿಲ್ವಾ?”

“ಓದಿದ್ರು. ಚೌಕಟ್ಟು ಹಾಕ್ಸಿ ಕಚೇರಿ ಗೋಡೇಲಿ ತೂಗುಹಾಕಿದ್ರು. ಇವತ್ತು ಬೆಳಿಗ್ಗೆ ಅಲ್ಲಿ ಬರೀ ಮೊಳೆ ಇತ್ತು.”