ಹನ್ನೆರಡನೇ ಕೋಣೆಯ ವಾದ

“ಹಾಗಾದ್ರೆ ನಿನ್ನ ಮುತ್ತಜ್ಜ ಮಂಗ ಅಂತಾಯ್ತು.”

ಗೋಡೆಯಾಚೆಯ ಈ ಮಾತಿಗೆ ಹನ್ನೊಂದನೇ ಕೋಣೆಯ ಸ್ಟೇಷನ್ ಮಾಸ್ತರರು ಎದ್ದು ಕುಳಿತರು. ಮಧ್ಯಾಹ್ನದ ನಿದ್ದೆ ಹಾಳಾದದ್ದು ಇದು ಸತತ ಒಂಬತ್ತನೇ ದಿನ. ಚಪ್ಪಲಿ ಮೆಟ್ಟಿ ನೇರ ಆಫೀಸಿಗೆ ಹೋಗಿ ಮೂರನೆಯ ದೂರು ಬರೆದುಕೊಟ್ಟರು.

ವೃದ್ಧಾಶ್ರಮದ ನಿಯಮ ಸರಳ. ಒಂದು ಕೋಣೆಯ ಮೇಲೆ ಮೂರು ದೂರು ಬಂದರೆ ಅಲ್ಲಿರುವ ದಂಪತಿಯನ್ನು ಬೇರೆ ಮಾಡಬೇಕು. ಗಂಡ ಗಂಡಸರ ವಿಭಾಗಕ್ಕೆ, ಹೆಂಡತಿ ಹೆಂಗಸರ ವಿಭಾಗಕ್ಕೆ. ನಡುವೆ ಒಂದು ಅಂಗಳ, ಒಂದು ಬೀಗ. ಭೇಟಿ ಭಾನುವಾರ. ಮರೆವಿನ ಕಾಯಿಲೆ ಬಂದವರು ಮಾತ್ರ ಮೂರನೇ ಮಹಡಿಗೆ, ಒಂಟಿಯಾಗಿ. ಅಲ್ಲಿಗೆ ಭಾನುವಾರವೂ ಇಲ್ಲ.

ಮೇಲ್ವಿಚಾರಕಿ ಕೋಣೆ ಬದಲಾವಣೆಯ ಫಾರಂ ತುಂಬಿದಳು. ಕಾರಣ, ಸಹಿ ಎರಡನ್ನೂ ಬಿಟ್ಟು, ಕಿವಿಯಾರೆ ಕೇಳಿಯೇ ಬಿಡೋಣ ಎಂದು ಮರುದಿನ ಹೊರಟಳು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಈ ಜೋಡಿಯದು ಉಂಡು ಮಲಗಿ ಎದ್ದ ಮೇಲೆ ಶುರುವಾಗುತ್ತಿತ್ತು, ಮೂರು ಗಂಟೆಗೆ ಸರಿಯಾಗಿ.

ಜೀವಿಗಳನ್ನು ದೇವರು ಮಾಡಲಿಲ್ಲ ಎಂದು ಶುರು ಮಾಡುವವರು ಯಾವಾಗಲೂ ಅಜ್ಜಿಯೇ. ಮೇಲ್ವಿಚಾರಕಿಗೆ ಹಿಡಿಸದಿದ್ದದ್ದು ಅದೇ. ಅವಳು ದೇವರನ್ನು ನಂಬಿದವಳು. ಅಜ್ಜನೋ ಪಾಪದ ಮನುಷ್ಯ. ಊಟದ ಮನೆಯಲ್ಲಿ ಕೈಯಲ್ಲಿದ್ದ ಚಮಚ ನೋಡುತ್ತ “ಇದು... ಇದು” ಎಂದು ನಿಂತುಬಿಟ್ಟರೆ ಅದಕ್ಕೂ ಅಜ್ಜಿ ಬಿಡುತ್ತಿರಲಿಲ್ಲ. “ಚಮಚ. ಇವ್ರಿಗೆ ಮೊದಲಿಂದ್ಲೂ ಬಾಯಿ ಬಿಡೋಕೆ ಸೋಮಾರಿತನ” ಎಂದು ನಡುವೆ ಬಾಯಿ ಹಾಕುತ್ತಿದ್ದರು. ಸೇರುವ ಅರ್ಜಿಯನ್ನೂ ಅವರೇ ತುಂಬಿದ್ದು. ಗಂಡನ ವೃತ್ತಿಯ ಮುಂದೆ ‘ನಿವೃತ್ತರು’ ಎಂದಷ್ಟೇ ಇತ್ತು. ಇನ್ನು ಬೆಳಿಗ್ಗೆ ಆರಕ್ಕೇ, ಅಜ್ಜ ಏಳುವ ಮೊದಲೇ, ಕಿಟಕಿಯ ಬಳಿ ನಿಂತು ತುಟಿ ಅಲ್ಲಾಡಿಸುತ್ತಿದ್ದರು. ಅಂದಿನ ವಾದವನ್ನು ಬಾಯಿಪಾಠ ಮಾಡುತ್ತಾರೆಂದು ಸ್ಟೇಷನ್ ಮಾಸ್ತರರ ದೂರಿನಲ್ಲಿ ಪ್ರತ್ಯೇಕವಾಗಿ ನಮೂದಾಗಿತ್ತು.

ಮೇಲ್ವಿಚಾರಕಿ ಹನ್ನೆರಡನೇ ಕೋಣೆಯ ಬಾಗಿಲಲ್ಲಿ ಸ್ಟೂಲು ಎಳೆದುಕೊಂಡು ಕುಳಿತಳು.

“ಕಣ್ಣು ಒಂದೇ ದಿನಕ್ಕೆ ಆಗ್ಲಿಲ್ಲ ಕಣ್ರೀ,” ಅಜ್ಜಿ ಮಾತು ತೆಗೆದರು. “ಮೊದಲು ಬೆಳಕು ತಿಳಿಯೋ ಒಂದು ಚುಕ್ಕೆ. ಆಮೇಲೆ ಒಂದು ಗುಳಿ. ಆಮೇಲೆ ಮಸೂರ. ಕೋಟಿಗಟ್ಟಲೆ ವರ್ಷ ಹಿಡೀತು.”

“ನೀನು ಎಣಿಸಿದ್ಯಾ?” ಅಜ್ಜನ ಬೆನ್ನು ನೆಟ್ಟಗಾಯಿತು. “ಮಡಕೆ ಇದೆ ಅಂದ್ಮೇಲೆ ಕುಂಬಾರ ಇರ್ಲೇಬೇಕು.”

“ಮಡಕೆ ಮರಿ ಹಾಕಲ್ಲ. ಮರಿ ಹಾಕೋದು ಬದಲಾಗ್ತಾ ಹೋಗುತ್ತೆ. ನಾವು ಹೀಗೇ ಕೆರೆ ಮುಚ್ತಾ ಹೋದ್ರೆ ಬದಲಾಗೋಕೆ ಕಪ್ಪೆನೇ ಇರಲ್ಲ.”

“ಭೂಮಿನ ದೇವರು ಮನುಷ್ಯನಿಗೆ ಅಂತ ಕೊಟ್ಟಿದ್ದು. ಒಂದು ಕೆರೆ ಹೋದ್ರೆ ಇನ್ನೊಂದು ಕೊಡ್ತಾನೆ.” ಹಾಗೆನ್ನುತ್ತಲೇ ಅಜ್ಜ ಕಿಟಕಿಗೆ ಬಗ್ಗಿ, ಬೇಲಿಗೆ ಔಷಧಿ ಹೊಡೆಯುತ್ತಿದ್ದ ಮಾಲಿಯನ್ನು ಗದರಿದರು. “ಏಯ್, ಅಲ್ಲಿ ಹೊಡೀಬೇಡ. ಆ ಎಲೆ ಕೆಳಗೆ ಗೂಡು ಕಟ್ಟಿದೆ. ಇನ್ನೆರಡು ದಿನಕ್ಕೆ ಚಿಟ್ಟೆ ಹೊರಗೆ ಬರುತ್ತೆ.”

ದೇವರ ಮನುಷ್ಯ, ಹುಳಕ್ಕೂ ಮರುಗುತ್ತಾರೆ ಎಂದುಕೊಂಡಳು ಮೇಲ್ವಿಚಾರಕಿ.

“ಈಗ ಬಾವಲಿ ಅನ್ನೋ ಹಕ್ಕಿನೇ ತಗೊಳ್ಳಿ,” ಎಂದ ಅಜ್ಜಿ ಅಷ್ಟಕ್ಕೇ ನಿಲ್ಲಿಸಿ ಗಂಡನ ಮುಖ ನೋಡಿದರು.

“ಯಾರು ಹೇಳಿದ್ದು ಹಕ್ಕಿ ಅಂತ? ಹಲ್ಲಿದೆ, ಮರಿಗೆ ಹಾಲು ಕೊಡುತ್ತೆ. ಅದರ ರೆಕ್ಕೇಲಿರೋದು ನಿನ್ನ ಕೈಯಲ್ಲಿರೋ ಐದೇ ಬೆರಳು, ಉದ್ದ ಆಗಿದೆ ಅಷ್ಟೆ.” ಅಜ್ಜ ಒಂದು ಪದಕ್ಕೂ ತಡವರಿಸಲಿಲ್ಲ.

ತಪ್ಪು ಸಿಕ್ಕಿಬಿದ್ದರೂ ಅಜ್ಜಿಯ ಮುಖ ಅರಳಿತು. ಮೇಲ್ವಿಚಾರಕಿಗೆ ಅದು ಶುದ್ಧ ಉದ್ಧಟತನವಾಗಿ ಕಂಡಿತು. ಅಜ್ಜಿಯನ್ನು ಹೊರಗೆ ಕರೆದಳು.

“ನೋಡಿ ಅಮ್ಮ, ಈ ವಯಸ್ಸಲ್ಲಿ ಅವರ ನಂಬಿಕೆ ಅವರಿಗಿರಲಿ. ದೇವರನ್ನೂ ಕಿತ್ಕೊಂಡ್ರೆ ಅವರಿಗೆ ಉಳಿಯೋದೇನು? ಈ ವಾದ ಇವತ್ತಿಗೆ ಬಿಟ್ಬಿಡಿ, ನಾನು ಸಹಿ ಹಾಕಲ್ಲ.”

“ಬಿಡೋಕಾಗಲ್ಲ ತಾಯಿ.”

“ಹಾಗಾದ್ರೆ ನಾಳೆಯಿಂದ ಬೇರೆ ಬೇರೆ.”

ಅಜ್ಜಿ ಕಂಬ ಹಿಡಿದುಕೊಂಡರು. “ನಲವತ್ತೇಳು ವರ್ಷ ಒಂದೇ ಕೋಣೇಲಿ ಮಲಗಿದೀವಿ. ನಾನಿಲ್ದೆ ಅವರಿಗಾಗಲ್ಲ, ಅವರಿಲ್ದೆ ನನಗಾಗಲ್ಲ. ಬೇಕಾದ್ರೆ ಬಾಗಿಲು ಹಾಕ್ಕೊಂಡು ಮೆತ್ತಗೆ ಜಗಳ ಆಡ್ತೀವಿ. ಬೇರೆ ಮಾಡ್ಬೇಡಿ.” ಮಾತು ಮುಗಿಯುವಷ್ಟರಲ್ಲಿ ಅತ್ತುಬಿಟ್ಟರು.

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರನ್ನು ಮೇಲ್ವಿಚಾರಕಿ ಬೇಕಾದಷ್ಟು ಕಂಡಿದ್ದಳು. ಆ ಮೊಲವನ್ನು ಕೈಬಿಡಲಾಗದೆ ಅಳುವವರನ್ನು ಕಂಡದ್ದು ಇದೇ ಮೊದಲು. ಆದರೂ ನಿಯಮ ನಿಯಮವೇ. ಆಫೀಸಿಗೆ ಬಂದು ‘ಕಾರಣ’ದ ಮುಂದೆ ‘ಹೆಂಡತಿಯ ನಾಸ್ತಿಕವಾದ’ ಎಂದು ಬರೆದಳು.

ಸಹಿಗೆ ಮಾತ್ರ ಕೈ ಏಳಲಿಲ್ಲ. ಬಾವಲಿ ಹಕ್ಕಿಯಲ್ಲವೆಂಬುದು ತಲೆಯಲ್ಲಿ ಕೊರೆಯುತ್ತಿತ್ತು. ನಲವತ್ತು ವರ್ಷ ಅವಳೂ ಅದನ್ನು ಹಕ್ಕಿಯೆಂದೇ ತಿಳಿದಿದ್ದಳು. ಎದ್ದು ಓದುವ ಕೋಣೆಗೆ ಹೋದಳು. ಕಪಾಟಿನಲ್ಲಿ ಪ್ರಾಣಿಗಳ ಬಗ್ಗೆ ಇದ್ದದ್ದು ಒಂದೇ ಪುಸ್ತಕ. ಹನ್ನೆರಡನೇ ಕೋಣೆಯವರು ಸೇರುವಾಗ ಕೊಟ್ಟ ಪೆಟ್ಟಿಗೆಯಿಂದ ಬಂದದ್ದು, ಯಾರೂ ತೆರೆದಿರಲಿಲ್ಲ.

ಬಾವಲಿ ಸಿಕ್ಕಿತು. ಅದರ ರೆಕ್ಕೆಯಲ್ಲಿರುವುದು ನಿಮ್ಮ ಕೈಯಲ್ಲಿರುವ ಐದೇ ಬೆರಳು, ಎಂದಿತ್ತು. ಹಿಂದಿನ ಪುಟಗಳಲ್ಲಿ ಕಣ್ಣು ಸಿಕ್ಕಿತು: ಚುಕ್ಕೆ, ಗುಳಿ, ಮಸೂರ. ಮರಿ ಹಾಕದ ಮಡಕೆಯೂ ಅಲ್ಲೇ ಇತ್ತು. ಅಜ್ಜಿ ಅಕ್ಷರ ಬಿಡದೆ ಒಪ್ಪಿಸಿದ್ದರು. ಪುಸ್ತಕ ಮುಚ್ಚಿ ಅದರ ಹಿಂಬದಿ ತಿರುಗಿಸಿದಳು. ಲೇಖಕರ ಫೋಟೋ. ಕೂದಲು ಕಪ್ಪು, ಬೆನ್ನು ನೆಟ್ಟಗೆ. ಮುಖ ಚಮಚದ ಹೆಸರು ಮರೆತ ಅಜ್ಜನದೇ.

ಮೇಲ್ವಿಚಾರಕಿ ಪುಸ್ತಕ ಹಿಡಿದು ಆಫೀಸಿಗೆ ಮರಳಿದಳು. ಆಮೇಲೆ ಫಾರಂ ಹರಿದು ಬುಟ್ಟಿಗೆ ಹಾಕಿದಳು. ಮೂರನೇ ಮಹಡಿಯ ಫಾರಂ ಬೇರೆಯಿತ್ತು, ಅದನ್ನು ಡ್ರಾಯರಿನಿಂದ ತೆಗೆಯಲೇ ಇಲ್ಲ. ಸ್ಟೇಷನ್ ಮಾಸ್ತರರಿಗೆ ಇಪ್ಪತ್ತನೇ ಕೋಣೆ ಖಾಲಿಯಿದೆಯೆಂದು ಹೇಳಿಕಳಿಸಿ, ಪುಸ್ತಕದ ಮೊದಲ ಪುಟ ತೆರೆದಳು.

‘ಇದರ ಒಂದು ಸಾಲನ್ನೂ ನಂಬದೆ, ದಿನಾ ಬೆಳಿಗ್ಗೆ ನನ್ನ ಪರವಾಗಿ ದೇವರಲ್ಲಿ ಕ್ಷಮೆ ಕೇಳಿಕೊಂಡು, ಇಡೀ ಪುಸ್ತಕವನ್ನು ಮೂರು ಸಲ ಟೈಪ್ ಮಾಡಿಕೊಟ್ಟ ನನ್ನ ಹೆಂಡತಿಗೆ.’