ಎಲ್ಲಿಗೆ ಎಂದು ಕೇಳಬಾರದ ಕಾಡು

ಸ್ಟೀಲ್ ಲೋಟದೊಳಗೆ ದಾಳ ಅಲುಗುವ ಸದ್ದು ಈಗಲೂ ಎಲ್ಲಾದರೂ ಕೇಳಿದರೆ ಶಿರಾ ಗೇಟಿನ ನಮ್ಮ ಹಳೆಯ ವರಾಂಡ ನೆನಪಾಗುತ್ತದೆ.

ತೊಂಬತ್ತರ ದಶಕದ ಒಂದು ಸಮ್ಮರ್ ಹಾಲಿಡೇಸ್. ಪಕ್ಕದ ಮನೆಯ ನಸೀಮಾಳಿಗೆ ಅವಳ ಮಾಮ ದುಬೈನಿಂದ ದಾಳ ಉರುಳಿಸುತ್ತ ಕಥೆ ಕಟ್ಟಿ ಆಡುವ ಫ್ಯಾಂಟಸಿ ಗೇಮ್ ಒಂದನ್ನು ತಂದುಕೊಟ್ಟಿದ್ದರು. ಅವಳ ಅಪ್ಪನಿಗೆ ಗುಲ್ಬರ್ಗಾಕ್ಕೆ ಟ್ರಾನ್ಸ್‌ಫರ್ ಆಗಿದ್ದರಿಂದ ಅವಳು ಹೊರಡುವಷ್ಟರಲ್ಲಿ ಆಟ ಮುಗಿಸಬೇಕಿತ್ತು. ಕಥೆ ನಡೆಸುವವಳು ಅವಳು, ಆ ಕಥೆಯ ಕಾಡಿನ ಜನರನ್ನು ಹುಟ್ಟಿಸುವವಳು ನಾನು. ಕಾನ್ವೆಂಟ್ ಲೈಬ್ರರಿಯ ಪಿಕ್ಚರ್ ಬುಕ್‌ಗಳಲ್ಲಿ ಕಂಡಂತೆ ಅವರಿಗೆ ಗರಿ, ಬಣ್ಣ, ಬೆಂಕಿಯ ಸುತ್ತ ಡ್ಯಾನ್ಸ್ ಎಲ್ಲ ಕೊಟ್ಟೆ.

"ಬರೀ ಕುಣೀತಾರೇನೇ? ಕಸ್ಟಮ್ಸ್ ಏನೂ ಇಲ್ವಾ?" ಎಂದಳು ನಸೀಮಾ.

ಅಲ್ಲೇ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ ನಮ್ಮಜ್ಜಿ ತಲೆಯೆತ್ತದೆ ಹೇಳಿದರು: "ಹೊರಟೋರನ್ನ ಎಲ್ಲಿಗೆ ಅಂತ ಕೇಳ್ಬಾರ್ದು ಅಂತ ಹಾಕ್ಕೊಳ್ರೇ. ಕೇಳಿದ್ರೆ ಅವ್ರು ವಾಪಸ್ ಬಂದು, ಕೂತು, ನೀರು ಕುಡ್ದೇ ಹೋಗ್ಬೇಕು."

"ನಮ್ಮನೇಲೂ ಹಂಗೇ ಅಂತಾರೆ ಅಜ್ಜಿ," ಎಂದು ನಸೀಮಾ ಆ ರೂಲ್ ಒಪ್ಪಿಕೊಂಡಳು. ಆಟದಲ್ಲಿ ನನ್ನ ನಾಯಕಿ ಶತ್ರುಗಳಿಂದ ತಪ್ಪಿಸಿಕೊಂಡು ಓಡುವಾಗ ನಸೀಮಾ ಬೇಕೆಂದೇ "ಎಲ್ಲಿಗಮ್ಮಾ?" ಎಂದು ಕೇಳಿದಳು. ನಾಯಕಿ ವಾಪಸು ಬಂದು ನೀರು ಕುಡಿಯುವಷ್ಟರಲ್ಲಿ ಸಿಕ್ಕಿಬಿದ್ದಳು.

"ಚೀಟಿಂಗ್ ಕಣೇ!"

"ನಿನ್ ಜನದ ರೂಲ್ ತಾನೇ?"

ಮುಂದಿನ ವಾರ ಅವರ ಸಾಮಾನೆಲ್ಲ ಲಾರಿ ಏರಿತು. ಬೈ ಹೇಳಲು ಬಂದಿದ್ದ ನಸೀಮಾ ಗೇಟು ದಾಟುವಾಗ ನಾನು ಜೋರಾಗಿ ಕೂಗಿದೆ: "ಎಲ್ಲಿಗೆ ಹೊರಟ್ಯೇ?"

ಅಜ್ಜಿ ಗದರಲಿಲ್ಲ. ದಾಳದ ಲೋಟವನ್ನೇ ತೊಳೆದು ನೀರು ತಂದರು. ನಸೀಮಾ ವಾಪಸು ಬಂದು ನನ್ನ ಪಕ್ಕ ಕೂತಳು. ಲಾರಿಯವನು ಹಾರ್ನ್ ಹೊಡೆಯುತ್ತಲೇ ಇದ್ದ. ಅವಳು ಒಂದೊಂದೇ ಗುಟುಕು ಕುಡಿದಳು.

ನಾನು ಅವಳನ್ನು ಕೊನೆಯ ಸಲ ನೋಡಿದ್ದು ಹಾಗೆ.