ಸುಣ್ಣದ ಗೆರೆಯಲ್ಲಿ ಬಾಗಿಲು

ಸುಣ್ಣದ ಪುಡಿಯ ವಾಸನೆ ಈಗಲೂ ನನ್ನನ್ನು ಎಪ್ಪತ್ತರ ದಶಕದ ನಮ್ಮೂರು ಹರಿಯಬ್ಬೆಯ ಒಂದು ಮಧ್ಯಾಹ್ನಕ್ಕೆ ಒಯ್ಯುತ್ತದೆ. ಮುತ್ತಜ್ಜ ಕಟ್ಟಿದ ಮಣ್ಣಿನ ಮಾಳಿಗೆಮನೆಗೆ ಚಿಕ್ಕಪ್ಪ ಸಿಮೆಂಟಿನ ಕೋಣೆಗಳನ್ನು ಸೇರಿಸುವವನಿದ್ದ. ಅಜ್ಜಿಗೆ ಕಾಗದದ ನಕ್ಷೆ ತಿಳಿಯದೆಂದು ನೆಲದ ಮೇಲೇ ಸುಣ್ಣದಲ್ಲಿ ಗೆರೆ ಎಳೆದು ತೋರಿಸಿದ. ಅಜ್ಜಿ ಗೆರೆಯಾಚೆ ಚಪ್ಪಲಿ ಬಿಟ್ಟು, ಬೀದಿ ಕಡೆಯ ಬಾಗಿಲಿನ ಜಾಗದಿಂದ ಒಳಗೆ ಹೋದಳು. ನಾನೂ ಸೆರಗು ಹಿಡಿದು ಹೋದೆ.

"ಅಡಿಗೆಮನೆ ಬ್ಯಾರೆ ಐತೆ. ಹಳೇ ಮನೆಗೆ ಬರಾಕೆ ಬಾಗ್ಲು ಎಲ್ಲೈತಲೇ?"

"ಆಮ್ಯಾಲೆ ಇಡಾಣ ಬಿಡವ್ವ."

ಅಜ್ಜಿ ಹಳೆಯ ಗೋಡೆಯ ಪಕ್ಕದ ಗೆರೆಯನ್ನು ಒಬ್ಬರು ದಾಟುವಷ್ಟು ಕಾಲಿನಿಂದ ಅಳಿಸಿ, ಅಲ್ಲಿಂದಲೇ ಈಚೆ ಬಂದಳು. ಚಿಕ್ಕಪ್ಪ ಸ್ನಾನಕ್ಕೆ ಹೋದ.

ಸಂಜೆ ನೋಡಿದರೆ ಆ ಗೆರೆ ಮತ್ತೆ ಕೂಡಿಕೊಂಡಿತ್ತು.

ಊಟಕ್ಕೆ ಕೂತ ಚಿಕ್ಕಪ್ಪನ ತಟ್ಟೆಗೆ ಮುದ್ದೆ ಹಾಕುತ್ತ ಅಜ್ಜಿ ಮೆಲ್ಲಗೆ ಅಂದಳು: "ಕೈ ತೊಳ್ಕಂಡು ಬಾರಪ್ಪ, ಸುಣ್ಣ ಐತೆ."